ಜಲ್ಲಿಯ ಏರಿನಲ್ಲಿ ಭಾರದ ಬೈಕ್: ಹತ್ತುವ ಮೊದಲು ನಿಲ್ಲುವುದನ್ನು ಕಲಿಯಿರಿ

ದಿನವಿಡೀ ಹೆದ್ದಾರಿಯಲ್ಲಿ ಸಲೀಸಾಗಿ ಓಡಿದ ಟೂರಿಂಗ್ ಬೈಕ್ ಕೊನೆಯ ಐವತ್ತು ಮೀಟರಿನಲ್ಲಿ ಮಗುಚಿಕೊಳ್ಳುವುದನ್ನು ನಾನು ಹಲವು ಸಲ ಕಂಡಿದ್ದೇನೆ. ರಸ್ತೆಯಿಂದ ಹೊರಳಿ ಗೇಟು ದಾಟಿದರೆ ಮನೆಯಂಗಳಕ್ಕೆ ಏರುವ ದಾರಿ, ಅದರ ತುಂಬ ಸಡಿಲ ಜಲ್ಲಿ, ನಡುವೆ ಒಂದು ತಿರುವು. ಕಾರಿನವರು ಅದನ್ನು ಗಮನಿಸುವುದೂ ಇಲ್ಲ. ಎರಡು ಚಕ್ರದ ಮೇಲೆ ನಾಲ್ಕು ಕ್ವಿಂಟಲ್ ತೂಕ ಹೊತ್ತು ಬಂದವರಿಗೆ ಮಾತ್ರ ಅಲ್ಲಿ ಬಾಯಿ ಒಣಗುತ್ತದೆ.

ನಾನೂ ಅಲ್ಲಿ ಬಿದ್ದವನೇ. ಗೆಳೆಯನೊಬ್ಬನ ಮನೆಯ ಏರಿನ ಅರ್ಧಕ್ಕೆ ಬಂದಿದ್ದೆ. ಮೇಲಿನಿಂದ ಕಾರೊಂದು ಇಳಿಯತೊಡಗಿತು. ನಿಲ್ಲಿಸಿದೆ. ಎರಡೂ ಕಾಲು ನೆಲಕ್ಕೆ ಊರಿ, ಮುಂದಿನ ಬ್ರೇಕನ್ನು ಬಿಗಿಯಾಗಿ ಹಿಡಿದೆ. ಮುಂದಿನ ಚಕ್ರ ತಿರುಗದೆ ನಿಂತೇ ಇತ್ತು. ಆದರೂ ಬೈಕ್ ಹಿಂದಕ್ಕೆ ಜಾರತೊಡಗಿತು. ಹಿಡಿತ ಇನ್ನಷ್ಟು ಬಿಗಿ ಮಾಡಿದೆ, ಜಾರುವುದು ನಿಲ್ಲಲಿಲ್ಲ. ಹ್ಯಾಂಡಲ್ ಒಂದು ಕಡೆಗೆ ಹೊರಳಿತು, ಬೈಕ್ ನಿಧಾನವಾಗಿ ಬಲಕ್ಕೆ ಒರಗಿತು. ಅದನ್ನು ತಡೆಯಲು ಮನುಷ್ಯನ ಕಾಲಿನಿಂದ ಆಗುವುದಿಲ್ಲ.

ಅಂದು ಕಲಿತದ್ದೇ ಈ ಬರಹದ ತಿರುಳು. ಇಂಥ ದಾರಿಯಲ್ಲಿ ಚಲಿಸುತ್ತಿರುವ ಬೈಕ್ ಬೀಳುವುದು ಕಡಿಮೆ, ನಿಲ್ಲುವಾಗ ಬೀಳುತ್ತದೆ. ಆದ್ದರಿಂದ ಹೇಗೆ ಹತ್ತುವುದು ಎಂದು ಯೋಚಿಸುವ ಮೊದಲು, ಎಲ್ಲಿ ನಿಲ್ಲುತ್ತೇನೆ, ನಿಂತಾಗ ಎಡಗಾಲು ಯಾವುದರ ಮೇಲೆ ಊರಿರುತ್ತದೆ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು.

ಏರಿನಲ್ಲಿ ಮುಂದಿನ ಬ್ರೇಕ್ ಏಕೆ ಕೈಕೊಡುತ್ತದೆ

ಇದನ್ನು ಒಮ್ಮೆ ಅರ್ಥ ಮಾಡಿಕೊಂಡರೆ ಮುಂದಿನದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ. ಹೋಂಡಾ ಗೋಲ್ಡ್ ವಿಂಗ್ ಟೂರ್‌ನ ತೂಕ 380 ಕಿಲೋ ಆಸುಪಾಸು. ಹಾರ್ಲೆಯ ಅಲ್ಟ್ರಾ ಲಿಮಿಟೆಡ್ 400 ಕಿಲೋ ದಾಟುತ್ತದೆ. ಬಿಎಂಡಬ್ಲ್ಯು ಆರ್ 1250 ಆರ್‌ಟಿ ಇವುಗಳ ಮುಂದೆ ಹಗುರ ಅನ್ನಿಸಿದರೂ 280 ಕಿಲೋ ಸಮೀಪವಿದೆ. ಸವಾರನನ್ನೂ ಸೇರಿಸಿ 490 ಕಿಲೋ ಎಂದಿಟ್ಟುಕೊಳ್ಳೋಣ. ಐದು ಮೀಟರಿಗೆ ಒಂದು ಮೀಟರ್ ಏರುವ ದಾರಿಯಲ್ಲಿ, ಅಂದರೆ ಶೇ 20ರ ಏರಿನಲ್ಲಿ, ಈ ತೂಕವನ್ನು ಕೆಳಕ್ಕೆ ಎಳೆಯುವ ಬಲ ಸುಮಾರು 96 ಕಿಲೋ ಭಾರಕ್ಕೆ ಸಮ. ಶೇ 15ರ ಏರಿನಲ್ಲಿ ಸುಮಾರು 73 ಕಿಲೋ. ಬೈಕ್ ನಿಂತಲ್ಲೇ ನಿಲ್ಲಬೇಕಾದರೆ ಈ ಎಳೆತವನ್ನು ಟೈರ್ ಮತ್ತು ಜಲ್ಲಿಯ ನಡುವಿನ ಹಿಡಿತವೇ ತಡೆಯಬೇಕು.

ಏರಿಗೆ ಮುಖ ಮಾಡಿದ ಬೈಕಿನ ತೂಕ ಹಿಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರದ ಪಾಲಿಗೆ ಅರ್ಧಕ್ಕಿಂತ ಕಡಿಮೆ ಉಳಿಯುತ್ತದೆ. ಹಿಂದೆ ಪೆಟ್ಟಿಗೆ ತುಂಬಿದ್ದರೆ, ಜೊತೆಗೆ ಒಬ್ಬರು ಕುಳಿತಿದ್ದರೆ ಇನ್ನೂ ಕಡಿಮೆ. ಡಾಂಬರಿನ ಮೇಲೆ ಆ ಪಾಲೂ ಸಾಕಾಗುತ್ತದೆ. ಜಲ್ಲಿಯ ಮೇಲೆ ಸಾಲುವುದಿಲ್ಲ. ನೀವು ಲಿವರನ್ನು ಎಷ್ಟೇ ಅದುಮಿದರೂ ಚಕ್ರ ನಿಂತಿರುತ್ತದೆ, ಬೈಕ್ ಮಾತ್ರ ಜಾರುತ್ತದೆ. ಬ್ರೇಕ್ ಸರಿಯಾಗಿ ಕೆಲಸ ಮಾಡುತ್ತಲೇ ಇದೆ. ಅದಕ್ಕೆ ಹಿಡಿದುಕೊಳ್ಳಲು ನೆಲ ಸಿಗುತ್ತಿಲ್ಲ.

ತೂಕದ ಹೆಚ್ಚಿನ ಪಾಲು ಹಿಂದಿನ ಚಕ್ರದ ಮೇಲಿರುವಾಗ ಹಿಡಿಯಬೇಕಾದದ್ದು ಹಿಂದಿನ ಬ್ರೇಕ್. ಅದು ಬಲಗಾಲಿನ ಪೆಡಲ್. ಬಲಗಾಲು ಪೆಡಲ್ ಮೇಲಿದ್ದರೆ ನೆಲಕ್ಕೆ ಊರಲು ಉಳಿಯುವುದು ಎಡಗಾಲೊಂದೇ. ಹೀಗಾಗಿ ಏರಿನಲ್ಲಿ ಎರಡೂ ಕಾಲು ಊರಿ ನಿಲ್ಲುವ ರೂಢಿಯನ್ನು ಬಿಡಲೇಬೇಕು. ಎಡಗಾಲು ನೆಲಕ್ಕೆ, ಬಲಗಾಲು ಪೆಡಲಿಗೆ. ಬೈಕ್ ಕೂದಲೆಳೆಯಷ್ಟು ಎಡಕ್ಕೆ ವಾಲಿರಲಿ.

ಇಳಿಜಾರಿಗೆ ಮುಖ ಮಾಡಿದಾಗ ಇದೆಲ್ಲ ತಿರುವುಮುರುವಾಗುತ್ತದೆ. ತೂಕ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಡೆದು ನೋಡಿ

ಹೊಸ ದಾರಿಯಾದರೆ ಬೈಕನ್ನು ಕೆಳಗೆ ಸಮತಟ್ಟಾದ ಕಡೆ ನಿಲ್ಲಿಸಿ, ಹೆಲ್ಮೆಟ್ ತೆಗೆದು, ಮೇಲಿನವರೆಗೆ ನಡೆದು ಹೋಗಿ. ಎರಡು ನಿಮಿಷದ ಕೆಲಸ. ಇದನ್ನು ಮಾಡಲು ಸಂಕೋಚಪಟ್ಟವರು ಆಮೇಲೆ ಅರ್ಧ ಗಂಟೆ ಬೈಕ್ ಎತ್ತುವುದರಲ್ಲಿ ಕಳೆಯುತ್ತಾರೆ.

ಹೆಜ್ಜೆ ಹಾಕುವಾಗ ಪಾದದ ಕೆಳಗೆ ಏನಾಗುತ್ತಿದೆ ಎಂದು ಗಮನಿಸಿ. ಒಡೆದ ಜಲ್ಲಿಯ ಚೂಪು ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ಗಟ್ಟಿಯಾಗುತ್ತವೆ. ನುಣುಪಾದ ಉರುಟು ಕಲ್ಲು ಎಷ್ಟು ವರ್ಷ ಕಳೆದರೂ ಕಚ್ಚಿಕೊಳ್ಳುವುದಿಲ್ಲ, ಗೋಲಿಗಳ ಹಾಗೆ ಉರುಳುತ್ತಲೇ ಇರುತ್ತದೆ. ನಿಮ್ಮ ಬೂಟು ಒಂದೆರಡು ಅಂಗುಲ ಹೂತು ಪಕ್ಕಕ್ಕೆ ಸರಿದರೆ ಟೈರಿಗೂ ಅದೇ ಗತಿ. ಕಾರಿನ ಚಕ್ರ ಹರಿದ ಎರಡು ಪಟ್ಟಿಗಳಲ್ಲಿ ನೆಲ ಗಟ್ಟಿಯಾಗಿರುತ್ತದೆ. ಅವುಗಳ ನಡುವಿನ ದಿಂಡಿನಲ್ಲಿಯೂ ಎರಡು ಅಂಚುಗಳಲ್ಲಿಯೂ ಸಡಿಲ ಕಲ್ಲು ಗುಡ್ಡೆಯಾಗಿರುತ್ತದೆ. ನಿಮ್ಮ ದಾರಿ ಆ ಎರಡು ಪಟ್ಟಿಗಳಲ್ಲಿ ಒಂದು. ಯಾವುದು ಎಂದು ಈಗಲೇ ಆರಿಸಿಕೊಳ್ಳಿ, ನಡುವೆ ಬದಲಿಸುವುದು ಬೇಡ. ಮಳೆನೀರು ಕೊರೆದ ಕೊರಕಲುಗಳು ಎಲ್ಲಿವೆ, ಅವು ನಿಮ್ಮ ಪಟ್ಟಿಯನ್ನು ಎಲ್ಲಿ ಅಡ್ಡ ಹಾಯುತ್ತವೆ ಎಂಬುದನ್ನೂ ನೋಡಿಕೊಳ್ಳಿ. ಕಾರಿನ ಚಕ್ರಗಳು ಗಿರಕಿ ಹೊಡೆದ ಕಡೆ ದಾರಿ ಅಲೆಯಲೆಯಾಗಿರುತ್ತದೆ. ಅಂಥ ಜಾಗ ಕಂಡರೆ ಏರು ಅಲ್ಲೇ ಅತ್ಯಂತ ಕಡಿದಾಗಿದೆ ಎಂದು ತಿಳಿಯಬಹುದು.

ತಿರುವಿದ್ದರೆ ಒಂದು ಸಂಗತಿ ಗೊತ್ತಿರಬೇಕು: ತಿರುವಿನ ಒಳಮಗ್ಗುಲು ಯಾವಾಗಲೂ ಹೊರಮಗ್ಗುಲಿಗಿಂತ ಕಡಿದು. ಅಷ್ಟೇ ಎತ್ತರವನ್ನು ಕಡಿಮೆ ಉದ್ದದಲ್ಲಿ ಏರಬೇಕಾದ್ದರಿಂದ ಹಾಗಾಗುತ್ತದೆ. ಕಾರುಗಳು ಅಲ್ಲಿಯೇ ಅಗೆಯುವುದರಿಂದ ಕಲ್ಲೂ ಅಲ್ಲೇ ಸಡಿಲ. ಹೊರಗಿನ ಪಟ್ಟಿ ಹಿಡಿಯಿರಿ.

ಏರಿನ ಕಡಿದು ಎಷ್ಟೆಂದು ಕಣ್ಣಳತೆಯಲ್ಲಿ ಹೇಳುವುದು ಕಷ್ಟ. ಸುಸ್ತಾದಾಗ ಎಲ್ಲ ಏರುಗಳೂ ಬೆಟ್ಟದಂತೆ ಕಾಣುತ್ತವೆ. ಒಂದು ಮೀಟರ್ ಉದ್ದದ ನೇರ ಪಟ್ಟಿಯ ಒಂದು ತುದಿಯನ್ನು ಮೇಲಿನ ನೆಲಕ್ಕೆ ತಾಗಿಸಿ, ರಸಮಟ್ಟ ಇಟ್ಟು ಮಟ್ಟವಾಗಿ ಹಿಡಿಯಿರಿ. ಇನ್ನೊಂದು ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಇದೆಯೋ ಏರು ಅಷ್ಟು ಶೇಕಡಾ. ಮೊಬೈಲಿನ ಮಟ್ಟ ತೋರಿಸುವ ಆ್ಯಪ್ ಬಳಸಿದರೆ ಲೆಕ್ಕ ಡಿಗ್ರಿಯಲ್ಲಿ ಬರುತ್ತದೆ. 10 ಡಿಗ್ರಿ ಎಂದರೆ ಸುಮಾರು ಶೇ 18. ನನ್ನ ಅನುಭವದಲ್ಲಿ ಶೇ 10ರ ಒಳಗಿನ ಏರು ಅಭ್ಯಾಸವಿರುವ ಯಾರಿಗಾದರೂ ಸಾಧ್ಯ. ಶೇ 15ರವರೆಗೆ ಎಚ್ಚರ ಮತ್ತು ಯೋಜನೆ ಎರಡೂ ಬೇಕು. ಶೇ 20 ದಾಟಿ, ಮೇಲೆ ಸಡಿಲ ಕಲ್ಲೂ ಇದ್ದರೆ ನಾನು 400 ಕಿಲೋ ಬೈಕನ್ನು ಕೆಳಗೇ ನಿಲ್ಲಿಸಿ ನಡೆದು ಹೋಗುತ್ತೇನೆ. ನೀವೂ ಹಾಗೆಯೇ ಮಾಡಿ ಎಂಬುದು ನನ್ನ ಕಳಕಳಿಯ ಮಾತು.

ಇಳಿದು ಬರುವಾಗ ಮೂರು ಜಾಗಗಳನ್ನು ಗುರುತು ಮಾಡಿಕೊಳ್ಳಿ. ಏರು ಶುರುವಾಗುವ ಮೊದಲು ನಿಲ್ಲಬಹುದಾದ ಜಾಗ, ಮೇಲೆ ನಿಲ್ಲಿಸುವ ಜಾಗ, ಅನಿವಾರ್ಯವಾದರೆ ನಡುವೆ ನಿಲ್ಲಬಹುದಾದ ಜಾಗ. ಈ ಮೂರನೆಯದರಲ್ಲಿ ಎಡಗಡೆ ನೆಲ ತುಸು ಎತ್ತರವಾಗಿ, ಗಟ್ಟಿಯಾಗಿರಬೇಕು. ಎಡಗಾಲು ಊರುವ ಕಡೆ ನೆಲ ಒಂದು ಗೇಣು ತಗ್ಗಿದ್ದರೂ ಬೈಕ್ ನಿಮ್ಮ ಕೈಮೀರಿ ವಾಲಿಬಿಡುತ್ತದೆ.

ಗೇಟಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಜನ ಏರಿನ ನಡುವೆ ನಿಲ್ಲಬೇಕಾಗಿ ಬರುವುದಕ್ಕೆ ನಾನು ಕಂಡ ದೊಡ್ಡ ಕಾರಣ ಮುಚ್ಚಿದ ಗೇಟು. ನಡೆದು ಹೋದಾಗಲೇ ಅದನ್ನು ತೆರೆದು, ಗಾಳಿಗೆ ಮುಚ್ಚಿಕೊಳ್ಳದಂತೆ ಕಲ್ಲೊಂದನ್ನು ಒತ್ತಿಟ್ಟು ಬನ್ನಿ. ಮೇಲಿನವರಿಗೆ ಹೇಳಿ ಕಾರು ಇಳಿಸದಂತೆ, ನಾಯಿಯನ್ನು ಬಿಡದಂತೆ, ಮಕ್ಕಳನ್ನು ಪಕ್ಕಕ್ಕೆ ಕರೆದುಕೊಳ್ಳುವಂತೆ ನೋಡಿಕೊಳ್ಳಿ.

ಬೈಕನ್ನು ಸಿದ್ಧಪಡಿಸುವುದು

ಜೊತೆಗೆ ಬಂದವರನ್ನು ಕೆಳಗೇ ಇಳಿಸಿ. ಇದರಲ್ಲಿ ರಾಜಿ ಇಲ್ಲ. ಅವರ ತೂಕ ಎತ್ತರದಲ್ಲಿ, ಹಿಂದಿನ ಚಕ್ರದ ಹತ್ತಿರ ಕುಳಿತಿರುತ್ತದೆ. ಬೈಕ್ ವಾಲಿದರೆ ಮೊದಲು ಪೆಟ್ಟಾಗುವುದೂ ಅವರ ಕಾಲಿಗೇ.

ಟ್ರ್ಯಾಕ್ಷನ್ ಕಂಟ್ರೋಲ್ ಇದ್ದರೆ ಏರುವ ಮೊದಲು ಅದನ್ನು ಆಫ್ ಮಾಡುವುದು ಒಳ್ಳೆಯದು. ಹಿಂದಿನ ಚಕ್ರ ತುಸು ಜಾರಿದೊಡನೆ ಅದು ಎಂಜಿನ್ ಬಲವನ್ನು ಕತ್ತರಿಸುತ್ತದೆ. ಹೆದ್ದಾರಿಯಲ್ಲಿ ಜೀವ ಉಳಿಸುವ ಇದೇ ಗುಣ ಇಲ್ಲಿ ಬೈಕನ್ನು ಏರಿನ ನಟ್ಟನಡುವೆ ನಿಲ್ಲಿಸುತ್ತದೆ. ಬಹಳಷ್ಟು ಬೈಕುಗಳಲ್ಲಿ ಇಗ್ನಿಷನ್ ಆರಿಸಿ ಮತ್ತೆ ಹಾಕಿದರೆ ಅದು ತಾನಾಗಿ ಮರಳಿ ಬರುತ್ತದೆ ಎಂಬುದು ನೆನಪಿರಲಿ. ಎಂಜಿನ್ ಚುರುಕನ್ನು ಮೃದುವಾಗಿಸುವ ಮಳೆಯ ಮೋಡ್ ಇದ್ದರೆ ಹಾಕಿಕೊಳ್ಳಿ.

ನಿಮ್ಮ ಬೈಕಿನ ಬ್ರೇಕುಗಳು ಒಂದಕ್ಕೊಂದು ಜೋಡಣೆಯಾಗಿವೆಯೇ ಎಂದು ಕೈಪಿಡಿಯಲ್ಲಿ ಓದಿ. ಗೋಲ್ಡ್ ವಿಂಗ್‌ನಲ್ಲಿ ಪೆಡಲ್ ಒತ್ತಿದರೆ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಬಿಎಂಡಬ್ಲ್ಯು ಆರ್‌ಟಿಯ ಹಳೆಯ ಮಾದರಿಗಳಲ್ಲಿ ಕೈ ಲಿವರ್ ಎರಡನ್ನೂ ಹಿಡಿಯುತ್ತದೆ, ಪೆಡಲ್ ಹಿಂದಿನದನ್ನು ಮಾತ್ರ. ಇದು ಗೊತ್ತಿಲ್ಲದೆ, ಹ್ಯಾಂಡಲ್ ಹೊರಳಿರುವಾಗ ಪೆಡಲ್ ಒತ್ತಿದರೆ ಮುಂದಿನ ಚಕ್ರ ಜಾರಿ ಬೆಚ್ಚಿಬೀಳುತ್ತೀರಿ. ಏರಿನಲ್ಲಿ ತಾನೇ ಬ್ರೇಕ್ ಹಿಡಿದುಕೊಳ್ಳುವ ವ್ಯವಸ್ಥೆ ಈಗಿನ ಹಲವು ದೊಡ್ಡ ಬೈಕುಗಳಲ್ಲಿದೆ. ಇದ್ದರೆ ಅದನ್ನು ಬಳಸಲು ಡಾಂಬರಿನ ಏರಿನಲ್ಲೇ ಕಲಿತಿರಿ.

ಟೈರಿನ ಗಾಳಿ ಇಳಿಸಬೇಕೇ ಎಂದು ಬಹಳ ಮಂದಿ ಕೇಳುತ್ತಾರೆ. ಐವತ್ತು, ನೂರು ಮೀಟರಿನ ದಾರಿಗೆ ಬೇಡ. ಇಷ್ಟು ತೂಕದ ಬೈಕ್ ಮತ್ತೆ ಹೆದ್ದಾರಿಗೆ ಇಳಿದಾಗ ಕಡಿಮೆ ಗಾಳಿಯ ಟೈರ್ ಬಿಸಿಯಾಗಿ ಹಾಳಾಗುತ್ತದೆ.

ಬೂಟಿನ ಅಟ್ಟೆಗೆ ಆಳವಾದ ಗೀರುಗಳಿರಲಿ. ನಯವಾದ ಅಟ್ಟೆ ಜಲ್ಲಿಯ ಮೇಲೆ ನಿಲ್ಲುವುದಿಲ್ಲ.

ಸಮತಟ್ಟಿನಲ್ಲಿ ಅಭ್ಯಾಸ

ಏರಿಗೆ ಹೋಗುವ ಮೊದಲು ಖಾಲಿ ಇರುವ ಸಮತಟ್ಟಾದ ಜಲ್ಲಿ ನೆಲದಲ್ಲಿ ಒಂದು ಬೆಳಗ್ಗೆ ಕಳೆಯಿರಿ. ಹಾಫ್ ಕ್ಲಚ್‌ನಲ್ಲಿ, ಮನುಷ್ಯ ನಡೆಯುವ ವೇಗದಲ್ಲಿ, ಕಾಲುಗಳನ್ನು ಫುಟ್‌ಬೋರ್ಡ್ ಮೇಲೇ ಇಟ್ಟುಕೊಂಡು ನೇರವಾಗಿ ಹೋಗುವುದನ್ನು ಮೊದಲು ಕಲಿಯಿರಿ. ಆಕ್ಸಿಲರೇಟರ್ ಒಂದೇ ಮಟ್ಟದಲ್ಲಿರಲಿ, ವೇಗವನ್ನು ಕ್ಲಚ್ ಮತ್ತು ಹಿಂದಿನ ಬ್ರೇಕ್ ನಿಭಾಯಿಸಲಿ. ಆಮೇಲೆ ಹಿಂದಿನ ಬ್ರೇಕನ್ನು ಬೇಕೆಂದೇ ಜೋರಾಗಿ ಒತ್ತಿ, ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಅಲ್ಲಿ ಹೇಗೆ ಕಂಪಿಸುತ್ತದೆ, ನಿಲ್ಲಲು ಎಷ್ಟು ಹೆಚ್ಚು ದೂರ ಬೇಕಾಗುತ್ತದೆ ಎಂದು ಕಂಡುಕೊಳ್ಳಿ. ಮುಂದಿನ ಬ್ರೇಕನ್ನು ಒಂದೇ ಬೆರಳಿನಿಂದ, ಚಕ್ರ ನೇರವಾಗಿದ್ದಾಗ ಮಾತ್ರ ಹಿಡಿದು ನೋಡಿ.

ಇನ್ನೊಂದು ಅಭ್ಯಾಸ ಹೆಚ್ಚು ಜನರಿಗೆ ಗೊತ್ತಿಲ್ಲ, ಆದರೆ ಇಡೀ ಲೇಖನದಲ್ಲಿ ನಿಮ್ಮನ್ನು ಕಾಪಾಡುವುದು ಅದೇ. ಸಣ್ಣ ಡಾಂಬರು ಏರಿನಲ್ಲಿ ಮೊದಲ ಗೇರ್‌ನಲ್ಲಿ ಎಂಜಿನ್ ಆರಿಸಿ, ಕ್ಲಚ್ ಪೂರ್ತಿ ಬಿಡಿ. ಬೈಕ್ ಅಲ್ಲಾಡುವುದಿಲ್ಲ, ಎಂಜಿನ್ನೇ ಹಿಂದಿನ ಚಕ್ರವನ್ನು ಹಿಡಿದಿರುತ್ತದೆ. ಈಗ ಕ್ಲಚ್ಚನ್ನು ನಿಧಾನವಾಗಿ ಒತ್ತಿದರೆ ಅದು ಅಂಗುಲ ಅಂಗುಲವಾಗಿ ಹಿಂದೆ ಸರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಅಂದರೆ ನಿಮ್ಮ ಎಡಗೈಯಲ್ಲೇ ಒಂದು ಹಿಂಬ್ರೇಕ್ ಇದೆ. ಎರಡೂ ಕಾಲು ನೆಲದ ಮೇಲಿರುವಾಗಲೂ ಅದು ಕೆಲಸ ಮಾಡುತ್ತದೆ. ಕೈಗೆ ಅದರ ಹದ ಸಿಗುವವರೆಗೆ ಹತ್ತಾರು ಸಲ ಮಾಡಿ. ಕ್ಲಚ್ ಲಿವರ್ ಇಲ್ಲದ, ತಾನೇ ಗೇರ್ ಬದಲಿಸುವ ಬೈಕುಗಳಲ್ಲಿ ಇದು ಸಾಧ್ಯವಿಲ್ಲ. ಅಂಥವರು ಪಾರ್ಕಿಂಗ್ ಬ್ರೇಕ್ ಎಲ್ಲಿದೆ, ಕಣ್ಣುಮುಚ್ಚಿ ಅದನ್ನು ಎಳೆಯುವುದು ಹೇಗೆ ಎಂಬುದನ್ನು ರೂಢಿಸಿಕೊಳ್ಳಬೇಕು.

ಹತ್ತುವುದು

ರಸ್ತೆಯಿಂದ ಒಳಗೆ ಹೊರಳುವ ಜಾಗವೇ ಮೊದಲ ಬಲೆ. ಏರಿನಿಂದ ಉರುಳಿಬಂದ ಜಲ್ಲಿ ಡಾಂಬರಿನ ಅಂಚಿನಲ್ಲಿ ಹರಡಿರುತ್ತದೆ, ಬೈಕ್ ಅಲ್ಲಿಗೆ ವಾಲಿಕೊಂಡೇ ಬರುತ್ತದೆ. ವಾಲಿದ ಬೈಕ್ ಮತ್ತು ಗಟ್ಟಿ ನೆಲದ ಮೇಲೆ ಚೆಲ್ಲಿದ ಕಲ್ಲು ಒಂದಾದರೆ ಹಿಡಿತ ತಪ್ಪುತ್ತದೆ. ರಸ್ತೆಯ ಮೇಲೇ ವೇಗ ತಗ್ಗಿಸಿ, ತಿರುಗುವುದನ್ನು ಸ್ವಚ್ಛ ಡಾಂಬರಿನ ಮೇಲೇ ಮುಗಿಸಿ, ಬೈಕನ್ನು ನೆಟ್ಟಗೆ ಮಾಡಿಕೊಂಡು ಜಲ್ಲಿಗೆ ಕಾಲಿಡಿ.

ಮೊದಲ ಗೇರ್. ಏರಿನ ಬುಡದಲ್ಲೇ ಬೇಕಾದಷ್ಟು ವೇಗವಿರಬೇಕು. ಗಂಟೆಗೆ 12ರಿಂದ 15 ಕಿಲೋಮೀಟರ್ ಸಾಕು. ವೇಗವನ್ನು ಸಮತಟ್ಟಿನಲ್ಲೇ ಕೂಡಿಸಿಕೊಳ್ಳಬೇಕು, ಏರಿನ ಮೇಲೆ ಕೂಡಿಸಲು ಹೋದರೆ ಹಿಂದಿನ ಚಕ್ರ ಗುಂಡಿ ತೋಡುತ್ತದೆ. ಕ್ಲಚ್ ಪೂರ್ತಿ ಬಿಟ್ಟು, ಆಕ್ಸಿಲರೇಟರನ್ನು ಒಂದೇ ಹದದಲ್ಲಿ ಹಿಡಿಯಿರಿ. ಸೊಂಟವನ್ನು ಮುಂದಕ್ಕೆ ಸರಿಸಿ, ಎದೆಯನ್ನು ಹ್ಯಾಂಡಲ್ ಕಡೆಗೆ ಬಾಗಿಸಿ. ಮುಂದಿನ ಚಕ್ರಕ್ಕೆ ಅಷ್ಟು ಭಾರ ಸಿಕ್ಕರೂ ಅದು ನೆಟ್ಟಗೆ ಹೋಗುತ್ತದೆ. ಮೊಣಕಾಲುಗಳಿಂದ ಟ್ಯಾಂಕ್ ಒತ್ತಿ ಹಿಡಿಯಿರಿ, ಮೊಣಕೈ ಸಡಿಲವಿರಲಿ.

ಹ್ಯಾಂಡಲ್ ಅತ್ತಿತ್ತ ಅಲುಗಾಡುತ್ತದೆ. ಅಲುಗಾಡಲಿ ಬಿಡಿ. ಮುಂದಿನ ಚಕ್ರ ಕಲ್ಲುಗಳ ನಡುವೆ ತನ್ನ ದಾರಿ ತಾನೇ ಹುಡುಕಿಕೊಳ್ಳುತ್ತದೆ. ಹೆದರಿ ಬಿಗಿಹಿಡಿದವರು ಪ್ರತಿ ಸಣ್ಣ ಅಲುಗಾಟವನ್ನೂ ಇಡೀ ಬೈಕಿಗೆ ದಾಟಿಸುತ್ತಾರೆ. ಕಣ್ಣು ಮಾತ್ರ ಮೇಲಿರಲಿ. ನೀವು ನಿಲ್ಲಬೇಕೆಂದಿರುವ ಜಾಗವನ್ನೇ ನೋಡಿ. ಮುಂದಿನ ಚಕ್ರದ ಮುಂದಿರುವ ಕಲ್ಲನ್ನು ದಿಟ್ಟಿಸಿದರೆ ಕೈ ತಾನಾಗಿ ಆಕ್ಸಿಲರೇಟರ್ ಮುಚ್ಚುತ್ತದೆ, ಬೈಕ್ ನಿಲ್ಲುತ್ತದೆ.

ಹಿಂದಿನ ಚಕ್ರ ಗಿರಕಿ ಹೊಡೆದರೆ ಆಕ್ಸಿಲರೇಟರನ್ನು ಒಂದು ಕೂದಲೆಳೆಯಷ್ಟು ಇಳಿಸಿ. ಪೂರ್ತಿ ಮುಚ್ಚಬೇಡಿ, ಜೋರಾಗಿ ತಿರುಚಲೂ ಬೇಡಿ. ಕಾಲು ಇಳಿಬಿಟ್ಟು ನೆಲ ತಡವುತ್ತ ಹೋಗುವುದು ಬೇಡ. ಆ ಕಾಲು ಪೆಟ್ಟಿಗೆಯ ಅಡಿಗೆ ಸಿಕ್ಕಿಕೊಂಡರೆ ಮೂಳೆ ಮುರಿಯುತ್ತದೆ.

ತಿರುವಿನಲ್ಲಿ ಬೈಕನ್ನು ವಾಲಿಸಬೇಕಾದರೆ ನೀವು ಹೊರಮಗ್ಗುಲಿಗೆ ಭಾರ ಹಾಕಿ. ದೇಹ ನೆಟ್ಟಗಿದ್ದು ಬೈಕ್ ಮಾತ್ರ ನಿಮ್ಮ ಅಡಿಯಲ್ಲಿ ವಾಲಬೇಕು. ಮುಖವನ್ನು ತಿರುವಿನಾಚೆಗೆ ತಿರುಗಿಸಿ. ಅಲ್ಲಿ ಮುಂದಿನ ಬ್ರೇಕನ್ನು ಮುಟ್ಟಲೇಬೇಡಿ.

ನಡುವೆ ನಿಂತುಹೋದರೆ

ಎಂಜಿನ್ ಆರಿತೇ? ಅದು ನಿಮಗೆ ಒಳ್ಳೆಯದೇ. ಮೊದಲ ಗೇರ್‌ನಲ್ಲಿದ್ದೀರಿ, ತಕ್ಷಣ ಕ್ಲಚ್ ಬಿಟ್ಟುಬಿಡಿ, ಹಿಂದಿನ ಚಕ್ರ ಹಿಡಿದುಕೊಳ್ಳುತ್ತದೆ. ಗಾಬರಿಯಲ್ಲಿ ಎಲ್ಲರೂ ಮಾಡುವ ತಪ್ಪು ಕ್ಲಚ್ ಒತ್ತಿ ಮುಂದಿನ ಬ್ರೇಕ್ ಹಿಡಿಯುವುದು. ನಾನು ಬಿದ್ದದ್ದೂ ಹಾಗೆಯೇ. ಎಂಜಿನ್ ಓಡುತ್ತಿದ್ದರೆ ಹಿಂದಿನ ಬ್ರೇಕ್ ಒತ್ತಿ, ಎಡಗಾಲು ಊರಿ, ಉಸಿರು ಬಿಡಿ. ಅವಸರ ಯಾವುದೂ ಇಲ್ಲ.

ಮತ್ತೆ ಹೊರಡಲು ಸಾಧ್ಯವೇ ಎಂದು ಮೊದಲು ನೋಡಿ. ಹಿಂದಿನ ಚಕ್ರ ಗಟ್ಟಿ ಪಟ್ಟಿಯ ಮೇಲಿದ್ದರೆ ಸಾಧ್ಯ. ಪೆಡಲ್ ಒತ್ತಿಕೊಂಡೇ ಎಂಜಿನ್ ಸದ್ದು ಸ್ವಲ್ಪ ಏರಿಸಿ, ಕ್ಲಚ್ಚನ್ನು ನಿಧಾನ ಬಿಡುತ್ತ ಬನ್ನಿ. ಸದ್ದು ತಗ್ಗಿ, ಬೈಕ್ ಮುಂದಕ್ಕೆ ತವಕಿಸುವುದು ಮೈಗೆ ತಿಳಿಯುತ್ತದೆ. ಆ ಕ್ಷಣದಲ್ಲಿ ಪೆಡಲನ್ನು ಮೆಲ್ಲಗೆ ಸಡಿಲಿಸಿ. ಬೈಕ್ ಹೊರಟ ಮೇಲೆ ಎಡಗಾಲನ್ನು ಎತ್ತಿಟ್ಟುಕೊಳ್ಳಿ. ಎರಡು ಪ್ರಯತ್ನದಲ್ಲಿ ಆಗದಿದ್ದರೆ ಮೂರನೆಯದು ಬೇಡ. ಪ್ರತಿ ಪ್ರಯತ್ನವೂ ಗುಂಡಿಯನ್ನು ಆಳ ಮಾಡುತ್ತದೆ, ಕ್ಲಚ್ಚನ್ನು ಸುಡುತ್ತದೆ. ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಸ್ವಲ್ಪ ತಾಳುತ್ತದೆ. ಹಳೆಯ ಬಿಎಂಡಬ್ಲ್ಯು ಬಾಕ್ಸರ್ ಬೈಕುಗಳಲ್ಲಿರುವಂಥ ಒಣ ಕ್ಲಚ್ ಬೇಗ ಕಮರು ವಾಸನೆ ಬಿಡುತ್ತದೆ.

ಹಿಂದೆ ಇಳಿಯುವುದೇ ಆದರೆ ಎಂಜಿನ್ ಆರಿಸಿ, ಮೊದಲ ಗೇರ್‌ನಲ್ಲೇ ಇರಿ. ಎರಡೂ ಕಾಲು ನೆಲಕ್ಕೆ. ಈಗ ಎಡಗೈಯ ಕ್ಲಚ್ ನಿಮ್ಮ ಬ್ರೇಕ್. ಹ್ಯಾಂಡಲ್ ನೇರವಾಗಿಟ್ಟು, ಒಂದು ಸಲಕ್ಕೆ ಒಂದು ಗೇಣು ಹಿಂದೆ ಬಿಡಿ, ನಿಲ್ಲಿಸಿ, ಕಾಲು ಸರಿಮಾಡಿಕೊಳ್ಳಿ, ಮತ್ತೆ ಬಿಡಿ. ಒಬ್ಬರು ಪಕ್ಕದಲ್ಲಿ ನಿಂತು ಹಿಂದಿನ ದಾರಿ ಹೇಳುತ್ತಿದ್ದರೆ ಬಹಳ ಅನುಕೂಲ. ಆದರೆ ಅವರು ಬೈಕಿನ ಕೆಳಗಡೆಗೆ, ಅದು ಉರುಳಬಹುದಾದ ಕಡೆಗೆ ನಿಲ್ಲಬಾರದು.

ದಾರಿ ಅಗಲವಾಗಿದ್ದರೆ ಬೈಕನ್ನು ಅಡ್ಡ ತಿರುಗಿಸಿ ಮುಖ ಕೆಳಗೆ ಮಾಡಬಹುದು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿ, ಕ್ಲಚ್ಚಿನಿಂದ ಅಂಗುಲ ಅಂಗುಲವಾಗಿ ಹಿಂದೆ ಬಿಡಿ. ಹಿಂಭಾಗ ಎಡಕ್ಕೆ ಸರಿಯುತ್ತದೆ, ಮುಖ ಬಲಕ್ಕೆ ತಿರುಗುತ್ತದೆ, ಏರು ನಿಮ್ಮ ಎಡಗಡೆಗೆ ಬರುತ್ತದೆ. ಎಡಗಾಲಿಗೆ ಎತ್ತರದ ನೆಲ ಸಿಗುತ್ತದೆ, ಬಲಗಾಲು ಬ್ರೇಕಿಗೆ ಉಳಿಯುತ್ತದೆ. ಹ್ಯಾಂಡಲನ್ನು ಬಲಕ್ಕೆ ತಿರುಗಿಸಿದರೆ ಏರು ಬಲಗಡೆಗೆ ಬಂದು ಎಡಗಾಲಿನ ಕೆಳಗೆ ಹಳ್ಳ ತೆರೆದುಕೊಳ್ಳುತ್ತದೆ. ಆದ್ದರಿಂದ ಇಲ್ಲಿ ಎಡ ಬಲ ಮರೆಯಬಾರದು. ಅಡ್ಡ ನಿಂತಾಗ ದೇಹವನ್ನು ಏರಿನ ಕಡೆಗೇ ಒರಗಿಸಿ. ಅಲ್ಲಿಂದ ಹ್ಯಾಂಡಲ್ ಬಲಕ್ಕೆ ಹೊರಳಿಸಿ ನಿಧಾನ ಮುಂದೆ ಬಿಟ್ಟರೆ ಬೈಕ್ ಇಳಿಜಾರಿಗೆ ಮುಖ ಮಾಡುತ್ತದೆ. ಎರಡೂವರೆ ಮೀಟರ್ ಉದ್ದದ ಬೈಕಿಗೆ ಮೂರು ಮೀಟರ್ ಅಗಲದ ದಾರಿ ಸಾಲದು. ಅಂಥ ಕಡೆ ನೇರವಾಗಿ ಹಿಂದೆ ಇಳಿಯುವುದೇ ವಿವೇಕ.

ಗೋಲ್ಡ್ ವಿಂಗ್‌ಗೆ 1988ರ ಮಾದರಿಯಿಂದ ರಿವರ್ಸ್ ಇದೆ, ಬೇರೆ ಕೆಲವು ಬೈಕುಗಳಿಗೂ ಬಂದಿದೆ. ಅದು ಸಮತಟ್ಟಾದ ಪಾರ್ಕಿಂಗ್‌ಗೆ ಒಳ್ಳೆಯ ಸೌಲಭ್ಯ. ಕಡಿದಾದ ಜಲ್ಲಿಯ ಮೇಲೆ ಅದನ್ನೇ ನಂಬಿ ಇಕ್ಕಟ್ಟಿನ ಜಾಗಕ್ಕೆ ನುಗ್ಗಬೇಡಿ.

ಮೇಲೆ ನಿಲ್ಲಿಸುವಾಗ

ಇಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮತ್ತೆ ಹೊರಡುವಾಗ ಈ ಬೈಕನ್ನು ಹಿಂದಕ್ಕೆ ಮೇಲಕ್ಕೆ ತಳ್ಳಬೇಕಾಗುತ್ತದೆಯೇ? ಗೋಡೆಯ ಕಡೆಗೆ ಮುಖ ಮಾಡಿ ಇಳಿಜಾರಿನಲ್ಲಿ ನಿಲ್ಲಿಸಿದರೆ ಉತ್ತರ ಹೌದು. ಆಮೇಲೆ ನಾಲ್ಕು ಜನ ಬೇಕಾಗುತ್ತಾರೆ. ಸಮತಟ್ಟಿನಲ್ಲಿ ಸುತ್ತಿ ಬಂದು, ಮುಖವನ್ನು ಹೊರಡುವ ದಿಕ್ಕಿಗೆ ಮಾಡಿ ನಿಲ್ಲಿಸಿ. ಇಳಿಜಾರಿನಲ್ಲೇ ನಿಲ್ಲಿಸುವುದು ಅನಿವಾರ್ಯವಾದರೆ ಮುಖ ಏರಿನ ಕಡೆಗಿರಲಿ, ಮೊದಲ ಗೇರ್‌ನಲ್ಲಿರಲಿ. ಮುಖ ಕೆಳಗಿದ್ದರೆ ಬೈಕ್ ಮುಂದೆ ಉರುಳಿ ಸೈಡ್ ಸ್ಟ್ಯಾಂಡ್ ಮಡಚಿಕೊಳ್ಳುತ್ತದೆ. ಸ್ಟ್ಯಾಂಡಿನ ಕೆಳಗೆ ಅಂಗೈ ಅಗಲದ ಚಪ್ಪಟೆ ಹಲಗೆ ಇಡಿ. ಮಳೆಗೆ ಜಲ್ಲಿಯ ಕೆಳಗಿನ ಮಣ್ಣು ಮೆತ್ತಗಾಗಿ ಸ್ಟ್ಯಾಂಡ್ ಹೂತು ಬಿದ್ದ ಬೈಕುಗಳಿವೆ. ಸೆಂಟರ್ ಸ್ಟ್ಯಾಂಡ್ ಇಲ್ಲಿ ಬೇಡ.

ಇಳಿಯುವುದು

ನನಗೆ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ಎಚ್ಚರ ಬೇಡುವ ಕೆಲಸ ಅನ್ನಿಸುತ್ತದೆ. ಹತ್ತುವಾಗ ಮನಸ್ಸು ಬದಲಿಸಲು ಅವಕಾಶವಿರುತ್ತದೆ, ಇಳಿಯಲು ತೊಡಗಿದ ಮೇಲೆ ಇರುವುದಿಲ್ಲ. ಅಂಚಿಗೆ ಬರುವ ಮೊದಲೇ ಮೊದಲ ಗೇರ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟಿರಿ. ಎಂಜಿನ್ನೇ ಬೈಕನ್ನು ಹಿಡಿದಿಡುತ್ತದೆ. ದಾರಿಯಲ್ಲಿ ಕ್ಲಚ್ ಒತ್ತಿದರೆ ಆ ಹಿಡಿತ ಹೋಗಿ ಬೈಕ್ ಒಮ್ಮೆಲೇ ಮುನ್ನುಗ್ಗುತ್ತದೆ. ತಾನೇ ಗೇರ್ ಬದಲಿಸುವ ಬೈಕುಗಳಲ್ಲಿ ವೇಗ ತೀರಾ ಇಳಿದಾಗ ಕ್ಲಚ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಅಂಥವರು ಆ ಕ್ಷಣಕ್ಕೆ ಮೊದಲೇ ಹಿಂದಿನ ಬ್ರೇಕನ್ನು ಹಗುರವಾಗಿ ಹಿಡಿದಿರಬೇಕು.

ಹಿಂದಿನ ಚಕ್ರ ಹಗುರವಾಗಿರುವುದರಿಂದ ಪೆಡಲನ್ನು ಜೋರಾಗಿ ಒತ್ತಿದರೆ ಅದು ನಿಂತು ಪಕ್ಕಕ್ಕೆ ಜಾರುತ್ತದೆ. ಜಾರಿದರೆ ಬಿಟ್ಟು ಮತ್ತೆ ಮೆಲ್ಲಗೆ ಒತ್ತಿ. ತೂಕ ಮುಂದಿರುವುದರಿಂದ ಇಲ್ಲಿ ಮುಂದಿನ ಬ್ರೇಕ್ ನಿಜಕ್ಕೂ ಸಹಾಯ ಮಾಡುತ್ತದೆ. ಆದರೆ ಬೈಕ್ ನೆಟ್ಟಗಿರಬೇಕು, ಹ್ಯಾಂಡಲ್ ನೇರವಿರಬೇಕು, ಒಂದು ಬೆರಳು ಹಿಂಡಿದಷ್ಟೇ ಒತ್ತಡವಿರಬೇಕು. ಎಬಿಎಸ್ ಜಲ್ಲಿಯ ಇಳಿಜಾರಿನಲ್ಲಿ ಬ್ರೇಕನ್ನು ಪದೇ ಪದೇ ಸಡಿಲಿಸುತ್ತದೆ. ಬ್ರೇಕೇ ಇಲ್ಲವೇನೋ ಎನ್ನಿಸಿ ಎದೆ ಝಲ್ಲೆನ್ನುತ್ತದೆ. ಅದಕ್ಕೆ ಪರಿಹಾರ ಒಂದೇ, ನಡಿಗೆಯ ವೇಗದಲ್ಲೇ ಇಳಿಯಲು ಶುರು ಮಾಡುವುದು. ಬೆನ್ನು ನೆಟ್ಟಗೆ, ಸೊಂಟ ಹಿಂದಕ್ಕೆ, ತೋಳಿನ ಮೇಲೆ ಭಾರ ಬೇಡ.

ಬುಡದಲ್ಲಿ ರಸ್ತೆ ಸೇರುವಾಗ ಚೆಲ್ಲಿದ ಜಲ್ಲಿಯ ಮೇಲೆ ನಿಲ್ಲಬೇಡಿ. ಅದಕ್ಕಿಂತ ಎರಡು ಮೀಟರ್ ಮೊದಲೇ, ಗಟ್ಟಿ ಪಟ್ಟಿಯ ಮೇಲೆ, ಹ್ಯಾಂಡಲ್ ನೇರವಿಟ್ಟು ನಿಂತು ಎರಡೂ ಕಡೆ ನೋಡಿ. ಆಮೇಲೆ ನೆಟ್ಟಗೆ ಡಾಂಬರಿಗೆ ಬಂದು ಅಲ್ಲಿ ತಿರುಗಿ.

ಬಿದ್ದರೆ

ಬೀಳುತ್ತಿರುವ ಬೈಕನ್ನು ತಡೆಯಲು ಹೋಗಬೇಡಿ, ಕಾಲು ತೆಗೆದುಕೊಂಡು ದೂರ ಸರಿಯಿರಿ. ಬೆನ್ನು, ಮೊಣಕಾಲು ಕಳೆದುಕೊಂಡವರಿಗೆ ಬೈಕಿನ ಹೊಸ ಹೊರಕವಚ (ಫೇರಿಂಗ್) ಉಪಯೋಗಕ್ಕೆ ಬರುವುದಿಲ್ಲ. ಎಂಜಿನ್ ಆರಿಸಿ, ಪೆಟ್ರೋಲ್ ಸೋರುತ್ತಿದೆಯೇ ನೋಡಿ, ಮೊದಲ ಗೇರ್‌ನಲ್ಲಿದೆಯೇ ಖಚಿತಪಡಿಸಿಕೊಳ್ಳಿ. ಬಲಕ್ಕೆ ಬಿದ್ದಿದ್ದರೆ ಎತ್ತುವ ಮೊದಲೇ ಸೈಡ್ ಸ್ಟ್ಯಾಂಡ್ ಇಳಿಸಿ, ಇಲ್ಲದಿದ್ದರೆ ಎತ್ತಿದ ಬೈಕ್ ಆಚೆಗೆ ಬೀಳುತ್ತದೆ. ಚಕ್ರಗಳು ಏರಿನ ಕಡೆ, ಸೀಟು ಕೆಳಗಡೆ ಇದ್ದರೆ ಹಾಗೆಯೇ ಎತ್ತುವುದು ಅಸಾಧ್ಯ. ಇಬ್ಬರು ಮೂವರು ಸೇರಿ ಬೈಕನ್ನು ಜಲ್ಲಿಯ ಮೇಲೇ ಎಳೆದು ತಿರುಗಿಸಿ ಚಕ್ರಗಳನ್ನು ಕೆಳಗೆ ತನ್ನಿ. ಪೆಟ್ಟಿಗೆಗಳನ್ನು ಬಿಚ್ಚಿ. ಕಾಲೂರುವ ಕಡೆ ಸಡಿಲ ಕಲ್ಲನ್ನು ಬೂಟಿನಿಂದ ಸರಿಸಿ ಗಟ್ಟಿ ನೆಲ ಮಾಡಿಕೊಳ್ಳಿ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಿಸಿ, ಒಂದು ಕೈಯಲ್ಲಿ ಕೆಳಗಿನ ಹ್ಯಾಂಡಲ್ ಹಿಡಿಯನ್ನೂ ಇನ್ನೊಂದರಲ್ಲಿ ಹಿಂದಿನ ಗಟ್ಟಿ ಕಂಬಿಯನ್ನೂ ಹಿಡಿದು, ಬೆನ್ನು ನೆಟ್ಟಗಿಟ್ಟು ಕಾಲಿನ ಬಲದಿಂದ ಸಣ್ಣ ಹೆಜ್ಜೆ ಹಿಂದಿಡುತ್ತ ಎತ್ತಿ. ಒಬ್ಬರೇ ಇದ್ದರೆ ಯಾರಾದರೂ ಬರುವವರೆಗೆ ಕಾಯಿರಿ.

ದಾರಿಯನ್ನೇ ಸರಿಪಡಿಸಿ

ಅದು ನಿಮ್ಮದೇ ಮನೆಯ ದಾರಿಯಾದರೆ ಪ್ರತಿದಿನ ಸಾಹಸ ಮಾಡುವ ಬದಲು ದಾರಿಗೆ ಒಂದಿಷ್ಟು ಖರ್ಚು ಮಾಡಿ. ಉರುಟು ಕಲ್ಲನ್ನು ತೆಗೆಸಿ, ಪುಡಿ ಬೆರೆತ ಒಡೆದ ಜಲ್ಲಿ ಹಾಕಿಸಿ, ನೀರು ಚಿಮುಕಿಸಿ ರೋಲರ್ ಹೊಡೆಸಿ. ಪುಡಿ ಇಲ್ಲದ ಜಲ್ಲಿ ಗಟ್ಟಿಯಾಗಿ ಕೂರುವುದಿಲ್ಲ. ದಾರಿಯ ನಡು ಸ್ವಲ್ಪ ಉಬ್ಬಿರಲಿ, ನೀರು ಎರಡೂ ಬದಿಯ ಚರಂಡಿಗೆ ಹರಿಯಲಿ. ಜಲ್ಲಿಯನ್ನು ಕೆಡಿಸುವುದು ಬೈಕು ಕಾರುಗಳಿಗಿಂತ ಹೆಚ್ಚಾಗಿ ಮಳೆನೀರು. ಕಡಿದಾದ ಕಡೆ ಜೇನುಗೂಡಿನ ಕಣ್ಣುಗಳಿರುವ ಪ್ಲಾಸ್ಟಿಕ್ ಜಾಲರಿ ಹಾಸಿ ಅದರೊಳಗೆ ಜಲ್ಲಿ ತುಂಬಿಸಿದರೆ ಕಲ್ಲು ಜಾಗ ಬಿಟ್ಟು ಕದಲುವುದಿಲ್ಲ. ಎಲ್ಲಕ್ಕೂ ಹಣ ಸಾಲದಿದ್ದರೆ ಮೂರು ಕಡೆ ಮಾತ್ರ ಕಾಂಕ್ರೀಟ್ ಹಾಕಿಸಿ: ರಸ್ತೆ ಸೇರುವ ಬಾಯಿ, ತಿರುವು, ಮೇಲೆ ಬೈಕ್ ನಿಲ್ಲಿಸುವ ಜಾಗ. ಕಾಂಕ್ರೀಟ್ ಹಸಿಯಿರುವಾಗಲೇ ಒರಟು ಪೊರಕೆಯಿಂದ ಅಡ್ಡ ಗೀರು ಎಳೆಸಿ, ನಯವಾಗಿ ಬಿಟ್ಟರೆ ಮಳೆಯಲ್ಲಿ ಅದೂ ಜಾರುತ್ತದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಕುಂಟೆ ಹಿಡಿದು ನಡುವಿನ ದಿಂಡನ್ನು ಹರಡಿ, ಡಾಂಬರಿಗೆ ಉರುಳಿದ ಕಲ್ಲುಗಳನ್ನು ಗುಡಿಸಿ ಮತ್ತೆ ಮೇಲಕ್ಕೆ ಹಾಕಿ.